ಕಿವಿ ಚುಚ್ಚಿಸಿದ್ದಾಯಿತು, ಕಿವಿ ತೋರಿಸಿದ್ದೀರಾ?

ಸೋದರಮಾವನ ಮಡಿಲಲ್ಲಿ ಮಗುವನ್ನು ಕೂರಿಸಿ ಕಿವಿ ಚುಚ್ಚಿಸುವ ಶಾಸ್ತ್ರಕ್ಕೆ ನೀವು ಪತ್ರಿಕೆ ಅಚ್ಚು ಹಾಕಿಸುತ್ತೀರಿ, ನೆಂಟರಿಷ್ಟರಿಗೆಲ್ಲ ಊಟ ಹಾಕಿಸುತ್ತೀರಿ. ಸೇಲಂ, ಧರ್ಮಪುರಿ ಕಡೆ ಅದರ ಸಡಗರವೇ ಬೇರೆ. ಮಾಡಿ, ಬೇಡವೆನ್ನುವುದಿಲ್ಲ. ಆದರೆ ಓಲೆ ಹಾಕಿಸಿಕೊಂಡ ಆ ಕಿವಿ ನೆಟ್ಟಗೆ ಕೇಳಿಸುತ್ತದೆಯೋ ಇಲ್ಲವೋ ಎಂದು ತೋರಿಸಿಕೊಂಡು ಬರಲು ಅರ್ಧ ದಿನ ಬಿಡುವು ಮಾಡಿಕೊಂಡಿದ್ದೀರಾ?

ಮೂರು ವರ್ಷ ತುಂಬಿದರೂ ಮಗುವಿಗೆ ಮಾತು ಬಂದಿಲ್ಲವಲ್ಲ ಎಂದರೆ ನಿಮ್ಮ ಬಳಿ ಉತ್ತರ ಸಿದ್ಧವಾಗಿರುತ್ತದೆ: ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಮಗುವಿಗೆ ಗೊಂದಲ. ಈ ನೆಪವನ್ನು ಇವತ್ತೇ ಬಿಡಿ. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ ತಲೆಮಾರುಗಳಿಂದ ಮಕ್ಕಳು ಎರಡು ಭಾಷೆಯಲ್ಲೇ ಬೆಳೆದಿದ್ದಾರೆ. ನೀವೂ ಹಾಗೇ ಬೆಳೆದವರು. ಎರಡು ಭಾಷೆ ಕೇಳುವ ಮಗು ಅರ್ಧ ಕನ್ನಡ ಅರ್ಧ ತಮಿಳು ಬೆರೆಸಿ ಮಾತಾಡೀತು, ಅಷ್ಟೆ. ಎರಡರಲ್ಲೂ ಬಾಯಿ ಬಿಡದಿದ್ದರೆ ತಪ್ಪು ಭಾಷೆಯದಲ್ಲ. ಮೊದಲು ಕಿವಿ ನೋಡಿಸಿ.

ಮಗ್ಗದ ಮನೆಯವರಿಗೆ ಇನ್ನೊಂದು ಮಾತು. ವಿದ್ಯುತ್ ಮಗ್ಗ ಓಡುವ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು. ಅಲ್ಲಿ ಮಗುವಿಗೆ ಕಡಿಮೆ ಕೇಳಿಸುತ್ತದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಮಗ್ಗ ನಿಂತ ಹೊತ್ತಿನಲ್ಲಿ, ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ತಿರುಗಿ ನೋಡುತ್ತದೆಯೇ? ಟಿವಿ ಸದ್ದು ಹೆಚ್ಚು ಮಾಡು ಎನ್ನುತ್ತದೆಯೇ, ಹೇಳಿದ್ದಕ್ಕೆಲ್ಲ ‘ಆಂ?’ ಎನ್ನುತ್ತದೆಯೇ, ನಿಮ್ಮ ತುಟಿಯನ್ನೇ ನೋಡುತ್ತದೆಯೇ? ಇವೆಲ್ಲ ಗುರುತುಗಳು. ತಟ್ಟೆ ಬಿದ್ದ ಸದ್ದಿಗೆ ಬೆಚ್ಚಿತು, ಹಾಗಾಗಿ ಕಿವಿ ಸರಿಯಿದೆ ಎಂದು ನಿಶ್ಚಿಂತರಾಗಬೇಡಿ. ದೊಡ್ಡ ಸದ್ದು ಕೇಳಿಸಿಯೂ ಮಾತಿನ ಸಣ್ಣ ಅಕ್ಷರಗಳು ತಪ್ಪಿಹೋಗುವುದುಂಟು. ಅಂಥ ಮಗುವಿಗೆ ಮನೆಯಲ್ಲಿ ಸಿಗುವ ಹೆಸರು ಮೊಂಡ, ಜೊತೆಗೊಂದು ಏಟು. ಕೆನ್ನೆಗೆ, ಕಿವಿಗೆ ಹೊಡೆಯುವ ಕೈಗೆ ಸ್ವಲ್ಪ ಬುದ್ಧಿ ಹೇಳಿ. ಆ ಏಟಿಗೆ ಕಿವಿಯ ತಮಟೆಯೇ ಹರಿಯಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಪುಟ್ಟ ಮಕ್ಕಳ ಕಿವಿಗೆ ನೆಗಡಿಯೇ ದೊಡ್ಡ ಶತ್ರು. ಮೂಗಿನ ಹಿಂಭಾಗದಿಂದ ಕಿವಿಯ ಒಳಗೆ ಗಾಳಿ ಹೋಗಿಬರಲು ಒಂದು ನಾಳವಿದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚು ಇಳಿಜಾರೂ ಇಲ್ಲ. ನೆಗಡಿಯಾದಾಗ ಅದು ಮುಚ್ಚಿಕೊಳ್ಳುತ್ತದೆ, ತಮಟೆಯ ಹಿಂದೆ ನೀರು ತುಂಬುತ್ತದೆ, ಕೆಲವರಲ್ಲಿ ಗೋಂದಿನಷ್ಟು ಗಟ್ಟಿಯಾಗುತ್ತದೆ. ನೋವಿಲ್ಲ, ಜ್ವರವಿಲ್ಲ, ಅದಕ್ಕೇ ನಿಮಗೆ ತಿಳಿಯುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿ ಆರಿಹೋಗುತ್ತದೆ. ಆರದಿದ್ದರೆ ಇ.ಎನ್.ಟಿ. ವೈದ್ಯರು ನೋಡಲೇಬೇಕು. ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ ಮಗುವಿದ್ದರೆ ಅದನ್ನೂ ಹೇಳಿ, ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಬೆಳೆದಿರಬಹುದು. ಮಲಗಿಸಿಕೊಂಡು ಬಾಟಲಿ ಹಾಲು ಕುಡಿಸಬೇಡಿ, ತಲೆ ಎತ್ತಿ ಹಿಡಿಯಿರಿ. ಮಗು ಇರುವ ಕೋಣೆಯಲ್ಲಿ ಬೀಡಿ ಸೇದುವವರನ್ನು ಹೊರಗೆ ಕಳಿಸಿ, ಅವರು ಮಾವನವರಾದರೂ ಸರಿ.

ಹುಟ್ಟಿದಾಗಲೇ ಪರೀಕ್ಷೆ ಮಾಡಿದ್ದರಲ್ಲ, ಸರಿಯಿದೆ ಎಂದಿದ್ದರಲ್ಲ ಎನ್ನುವಿರಿ. ಅದು ಆ ದಿನದ ಮಾತು. ಆಮೇಲೆ ಬಂದ ಸೋಂಕು, ಮಿದುಳುಜ್ವರ, ಮಂಗನಬಾವುಗಳ ಲೆಕ್ಕ ಅದರಲ್ಲಿಲ್ಲ. ಶಾಲೆಗೆ ಸೇರಿಸುವ ಮುಂಚೆ ಇನ್ನೊಮ್ಮೆ ನೋಡಿಸಿ.

ಈಗ ಬೈಗುಳದ ಸರದಿ. ಕಿವಿಗೆ ಬಿಸಿ ಎಣ್ಣೆ ಬಿಡುವುದನ್ನು ನಿಲ್ಲಿಸಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಬೇರೆ ಕಡೆ ಒಪ್ಪದಿದ್ದರೂ ಬಿಡಿ, ಕಿವಿಯ ಮಟ್ಟಿಗೆ ಅಕ್ಷರಶಃ ಪಾಲಿಸಿ: ಸೊಪ್ಪಿನ ರಸ, ಬೆಳ್ಳುಳ್ಳಿ ಎಣ್ಣೆ, ಎದೆಹಾಲು ಯಾವುದೂ ಕಿವಿಯೊಳಗೆ ಬೇಡ. ಹೇರ್‌ಪಿನ್, ಬೆಂಕಿಕಡ್ಡಿ, ಬಡ್ಸ್ ಹಾಕಿ ಕೆದಕಬೇಡಿ. ಗುಗ್ಗೆ ತಾನಾಗಿ ಹೊರಗೆ ಬರುತ್ತದೆ, ಬಡ್ಸ್ ಅದನ್ನು ಒಳಕ್ಕೇ ತಳ್ಳುತ್ತದೆ. ಮಗು ಹುರುಳಿಯನ್ನೋ ಕಡಲೆಯನ್ನೋ ಕಿವಿಗೆ ತುರುಕಿಕೊಂಡರೆ ನೀರು ಹಾಕಬೇಡಿ. ಕಾಳು ಊದಿಕೊಂಡು ತೆಗೆಯುವುದು ಇನ್ನಷ್ಟು ಕಷ್ಟವಾಗುತ್ತದೆ. ಸೋರುವ ಕಿವಿಯನ್ನು ‘ದೊಡ್ಡವನಾದ ಮೇಲೆ ನಿಲ್ಲುತ್ತೆ’ ಎಂದು ಬಿಡುವವರು ಬಹಳ. ಕೀವು ಎಂದರೆ ತಮಟೆಯಲ್ಲಿ ತೂತಾಗಿರಬಹುದು. ವಾಸನೆ ಬರುತ್ತಿದ್ದರೆ ಒಳಗಿನ ಮೂಳೆಯನ್ನು ತಿನ್ನುವ ರೋಗವೂ ಇರಬಹುದು. ಕಿವಿ ಹಿಂದೆ ಊದಿಕೊಂಡು ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಓಡಿ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಂದುಕೊಳ್ಳಬೇಡಿ.

ಪರೀಕ್ಷೆಗೆ ಹೆದರುವಂಥದ್ದು ಏನೂ ಇಲ್ಲ. ಓ.ಎ.ಇ. ಎಂಬುದರಲ್ಲಿ ಕಿವಿಗೊಂದು ಮೆತ್ತನೆಯ ಬಿರಡೆ ಇಟ್ಟು ಕೆಲವೇ ನಿಮಿಷದಲ್ಲಿ ನೋಡುತ್ತಾರೆ. ಬೆರಾ ಪರೀಕ್ಷೆಗೆ ಮಗು ಮಲಗಿರಬೇಕು, ತಲೆಗೆ ವೈರು ಅಂಟಿಸುತ್ತಾರೆ. ಅದಕ್ಕೇ ಆ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಬೆಳಗ್ಗೆ ಬೇಗ ಎಬ್ಬಿಸಿ. ಮೂರು ದಾಟಿದ ಮಗುವಿಗೆ ಆಟವಾಡಿಸಿಯೇ ಪರೀಕ್ಷೆ: ಸದ್ದು ಕೇಳಿದಾಗಲೆಲ್ಲ ಡಬ್ಬಿಗೆ ಒಂದು ಮಣಿ. ಪದಗಳನ್ನು ಕೇಳಿಸಿ ನೋಡುವ ಪರೀಕ್ಷೆಯಾದರೆ, ಮಗುವಿನ ಮನೆಮಾತು ಕನ್ನಡ ಎಂದು ಮೊದಲೇ ಹೇಳಿಬಿಡಿ. ಸಂಕೋಚಪಟ್ಟು ಸುಮ್ಮನಿದ್ದರೆ, ತಮಿಳು ಬಾರದ ಮಗುವನ್ನು ಕಿವುಡು ಎಂದುಕೊಂಡಾರು.

ಎಲ್ಲಿಗೆ ಹೋಗಬೇಕು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಬಾಲವಾಡಿ ಮಕ್ಕಳನ್ನು ವರ್ಷಕ್ಕೆ 2 ಸಲ ವೈದ್ಯರ ತಂಡ ನೋಡಬೇಕು. ಕಿವಿಯೂ ಅದರಲ್ಲಿ ಸೇರಿದೆ. ಅವರು ಚೀಟಿ ಬರೆದುಕೊಟ್ಟರೆ ಡಬ್ಬಿಯಲ್ಲಿ ಮಡಚಿಡಬೇಡಿ. ಸೇಲಂನಲ್ಲಿ ಮೋಹನ್ ಕುಮಾರಮಂಗಲಂ ಮೆಡಿಕಲ್ ಕಾಲೇಜಿನ ಜಿ.ಎಚ್. ಇದೆ, ಧರ್ಮಪುರಿಯಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಕನ್ನಡದಲ್ಲೇ ಮಾತಿನ ತರಬೇತಿ ಬೇಕೆನ್ನುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ತೀರಾ ಕೇಳಿಸದ ಮಕ್ಕಳಿಗೆ ಮಾಡುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ದುಬಾರಿ, ಆದರೆ ತಮಿಳುನಾಡು ಮುಖ್ಯಮಂತ್ರಿಗಳ ಆರೋಗ್ಯ ವಿಮೆಯಲ್ಲಿ 6 ವರ್ಷದೊಳಗಿನವರಿಗೆ ಅದು ಸಿಗುತ್ತದೆ. ಹಾಗಾಗಿ ವಯಸ್ಸು ಕಳೆಯಬೇಡಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಒಂದು ಕಹಿ ಮಾತೂ ಹೇಳಬೇಕು. ಅಕ್ಕನ ಮಗಳು, ಅತ್ತೆಯ ಮಗ ಎಂದು ಒಳಗೊಳಗೇ ಮದುವೆ ಮಾಡುವುದು ದೇಶದಲ್ಲಿ ಹೆಚ್ಚಾಗಿರುವುದು ತಮಿಳುನಾಡು, ಕರ್ನಾಟಕಗಳಲ್ಲಿ. ಹುಟ್ಟುಕಿವುಡಿಗೆ ಅದೂ ಒಂದು ಕಾರಣ. ಅಂಥ ಮನೆಯಲ್ಲಿ ಮಗು ಹುಟ್ಟಿದರೆ ಮೊದಲ ತಿಂಗಳೊಳಗೇ ಕಿವಿ ಪರೀಕ್ಷೆ ಮಾಡಿಸಿ. ದಡಾರ ರುಬೆಲ್ಲಾ ಚುಚ್ಚುಮದ್ದನ್ನೂ ತಪ್ಪಿಸಬೇಡಿ. ಗರ್ಭಿಣಿಗೆ ತಗುಲಿದ ರುಬೆಲ್ಲಾ ಹೊಟ್ಟೆಯಲ್ಲಿರುವ ಮಗುವಿನ ಕಿವಿಯನ್ನೇ ಹಾಳುಮಾಡಬಲ್ಲದು. 2017ರಲ್ಲಿ ಈ ಚುಚ್ಚುಮದ್ದಿನ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ನಿಮ್ಮ ತಮಿಳುನಾಡೂ ಒಂದು. ವಾಟ್ಸಾಪ್ ವದಂತಿ ನಂಬಿ ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡವರೂ ಆಗ ಇದ್ದರು.

ಕಿವಿಗೆ ಶ್ರವಣಯಂತ್ರ ಹಾಕಿದರೆ ನಾಳೆ ಹೆಣ್ಣು ಯಾರು ಕೊಡುತ್ತಾರೆ ಎಂದು ಐದು ವರ್ಷದ ಹುಡುಗನ ಮದುವೆ ಯೋಚಿಸುವ ಅಜ್ಜಿಯಂದಿರಿಗೆ ನನ್ನ ನಮಸ್ಕಾರ ತಿಳಿಸಿ. ಕನ್ನಡಕ ಹಾಕುವವರಿಗೆ ಹೆಣ್ಣು ಸಿಗುತ್ತಿಲ್ಲವೇ? ಮಗುವಿಗೆ ಯಂತ್ರ ಕೊಟ್ಟರೆ ಎಚ್ಚರವಿರುವಷ್ಟು ಹೊತ್ತೂ ಹಾಕಿಸಿ, ಬ್ಯಾಟರಿ ನೋಡಿಕೊಳ್ಳಿ, ಬೀರುವಿನಲ್ಲಿ ಇಡಬೇಡಿ. ಬಾಲವಾಡಿಗೆ ವೈದ್ಯರು ಬರುವುದು ಯಾವ ದಿನ ಎಂದು ಟೀಚರಮ್ಮನನ್ನು ನಾಳೆಯೇ ಕೇಳಿ, ಆ ದಿನ ಮಗುವನ್ನು ತಪ್ಪದೆ ಕಳಿಸಿ.