ರಕ್ತ ನಿಲ್ಲದ ಕಾಯಿಲೆ: ತಾಯಿಯ ತವರನ್ನೂ ವಿಚಾರಿಸಿ

ಅಂಬೆಗಾಲಿಡುವ ಗಂಡುಮಗುವಿನ ಮೊಣಕಾಲು ಪದೇ ಪದೇ ಊದಿಕೊಂಡರೆ, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ ಎದ್ದರೆ, ಹಲ್ಲು ಕಿತ್ತಾಗಲೋ ಸುನ್ನತಿ ಮಾಡಿಸಿದಾಗಲೋ ಗಂಟೆಗಟ್ಟಲೆ ರಕ್ತ ಒಸರಿದರೆ ಹಿಮೋಫಿಲಿಯಾ ಇರಬಹುದು. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅಥವಾ 9ರ ಕೊರತೆ ಇದು. ದಾವಣಗೆರೆ ಜಿಲ್ಲೆಯ ಮಲೆಬೆನ್ನೂರು ಸುತ್ತಿನ ಹಳ್ಳಿಗಳಲ್ಲಿ ಈ ಊತವನ್ನು ಉಳುಕೆಂದು ತಿಕ್ಕಿಸಿ ಮಗುವಿನ ಕೀಲನ್ನೇ ಕೆಡಿಸುತ್ತಾರೆ. ಹಾಗೆ ಮಾಡಬೇಡಿ.

1. ಮನೆತನದ ನಕ್ಷೆ ಬರೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಎಂದು ಅಪ್ಪ, ಅಜ್ಜ, ದೊಡ್ಡಪ್ಪಂದಿರ ಹೆಸರು ಹೇಳುತ್ತಾರೆ. ಜಮೀನಿನ ಖಾತೆಗೆಂದು ನಾಡಕಚೇರಿಗೆ ಕೊಡುವ ವಂಶವೃಕ್ಷ ಇಲ್ಲಿ ಸಾಲದು. ದೋಷ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಗನಿಗೆ ಅದು ಸಿಗುವುದು ತಾಯಿಯಿಂದ ಮಾತ್ರ. ತಾಯಿಯ ತವರನ್ನು ಕೇಳಿ: ಸೋದರಮಾವ, ತಾಯಿಯ ತಂದೆ, ದೊಡ್ಡಮ್ಮ ಚಿಕ್ಕಮ್ಮಂದಿರ ಗಂಡುಮಕ್ಕಳು. ಎಳವೆಯಲ್ಲೇ ರಕ್ತ ಹೋಗಿ ತೀರಿಕೊಂಡ ಹುಡುಗರಿದ್ದರೆ ಅವರನ್ನೂ ಬರೆಯಿರಿ. ತವರಲ್ಲಿ ಯಾರೂ ಇಲ್ಲವೆಂದು ನಿರಾಳರಾಗಬೇಡಿ. ಸುಮಾರು ಮೂರನೇ ಒಂದು ಪಾಲು ಪ್ರಕರಣಗಳಲ್ಲಿ ಕುಟುಂಬದಲ್ಲಿ ಹಿಂದೆ ಯಾರಿಗೂ ಇದ್ದಿರುವುದಿಲ್ಲ. ಸೊಸೆಯನ್ನು ದೂರುವುದಂತೂ ಶುದ್ಧ ಅನ್ಯಾಯ.

2. ಲೆಕ್ಕ ತಿಳಿಯಿರಿ. ತಾಯಿ ವಾಹಕಿ, ಅಂದರೆ ದೋಷವನ್ನು ಹೊತ್ತವಳಾಗಿದ್ದರೆ ಪ್ರತಿ ಗಂಡುಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 50. ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಾಧ್ಯತೆಯೂ ಅಷ್ಟೇ. ಮೊದಲನೆಯವನಿಗೆ ಬಂದರೆ ಎರಡನೆಯವನು ಪಾರು ಎಂದೇನಿಲ್ಲ, ಪ್ರತಿ ಬಸುರಿಗೂ ಲೆಕ್ಕ ಹೊಸದು. ತಂದೆಗೆ ಮಾತ್ರ ಕಾಯಿಲೆ ಇದ್ದರೆ ಗಂಡುಮಕ್ಕಳಿಗೆ ಬರದು, ಹೆಣ್ಣುಮಕ್ಕಳೆಲ್ಲ ವಾಹಕಿಯರು. ಸಂಬಂಧದ ಹೊರಗೆ ಮದುವೆಯಾದರೆ ಬರುವುದಿಲ್ಲವೆಂಬ ನಂಬಿಕೆ ಈ ಕಾಯಿಲೆಗೆ ಸಲ್ಲದು.

3. ಪರೀಕ್ಷೆ ಮಾಡಿಸಿ. ಮೊದಲು ರಕ್ತ ಹೆಪ್ಪುಗಟ್ಟುವ ಸಮಯ ನೋಡುವ ಎಪಿಟಿಟಿ, ನಂತರ ಫ್ಯಾಕ್ಟರ್ ಮಟ್ಟ. ಹುಡುಗನ ಅಕ್ಕತಂಗಿಯರಿಗೆ ಫ್ಯಾಕ್ಟರ್ ಸರಿಯಿದ್ದರೂ ಅವರು ವಾಹಕಿಯಾಗಿರಬಹುದು. ಖಚಿತವಾಗಲು ಜೀನ್ ಪರೀಕ್ಷೆಯೇ ಬೇಕು. ದಾವಣಗೆರೆಯಲ್ಲೇ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರು ಸ್ವತಃ ಈ ಕಾಯಿಲೆಯೊಂದಿಗೆ ಬೆಳೆದು ವೈದ್ಯರಾದವರು.

4. ಮದುವೆ, ಬಸುರಿಗೆ ಮುನ್ನ ವಾಹಕಿಯರು ಆನುವಂಶಿಕ ಸಲಹೆ ಪಡೆಯಲಿ. ಹೆರಿಗೆ ವೈದ್ಯರಿಗೆ ಮೊದಲೇ ತಿಳಿಸಲಿ.

5. ರಕ್ತಸ್ರಾವವಾದರೆ ಐಸ್ ಇಡಿ, ಕೀಲಿಗೆ ವಿಶ್ರಾಂತಿ ಕೊಡಿ, ಫ್ಯಾಕ್ಟರ್ ಇರುವ ಆಸ್ಪತ್ರೆಗೆ ಕೂಡಲೇ ಹೋಗಿ. ಆಸ್ಪಿರಿನ್ ಬೇಡ, ಸೊಂಟಕ್ಕೆ ಇಂಜೆಕ್ಷನ್ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ತಪ್ಪದೆ ಅರ್ಜಿ ಹಾಕಿ.