ಗಣಿಯ ಛಾವಣಿಯನ್ನು ಎಳೆದು ನೋಡುವ ಪರೀಕ್ಷೆ

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ಆದರೆ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಉರಿಸುವ ಕಲ್ಲಿದ್ದಲಿನಲ್ಲಿ ತೆಲಂಗಾಣದ ಸಿಂಗರೇಣಿಯದೂ ಇದೆ. ಹಿಲ್ಲೂರಿನ ಮನೆಯಲ್ಲಿ ದೀಪ ಹೊತ್ತಿಸುವಾಗ, ನೆಲದೊಳಗೆ ದುಡಿಯುವವನ ತಲೆಯ ಮೇಲಿನ ಬಂಡೆ ನಮ್ಮ ನೆನಪಿಗೆ ಬರುವುದಿಲ್ಲ. ಆ ಬಂಡೆಯ ಆಧಾರವನ್ನು ಪರೀಕ್ಷಿಸುವ ವಿಧಾನ ನಾನು ತರಗತಿಯಲ್ಲಿ ಮಾಡುವ ಒತ್ತಡದ ಪಾಠವೇ.

ಹಿಂದೆ ಮರದ ಕಂಬಗಳನ್ನು ನಿಲ್ಲಿಸುತ್ತಿದ್ದರು. ಭಾರ ಹೆಚ್ಚಿದರೆ ಮರ ಕಿರುಗುಟ್ಟಿ ಮುನ್ನೆಚ್ಚರಿಕೆ ಕೊಡುತ್ತಿತ್ತು. ಗಡಿಗೆ ಕೊಳ್ಳುವಾಗ ಬಡಿದು ನೋಡುವಂತೆ ಛಾವಣಿಯನ್ನೂ ಸರಳಿನಿಂದ ಬಡಿಯುತ್ತಾರೆ. ಟಣ್ ಎಂದರೆ ಗಟ್ಟಿ, ಡೊಳ್ಳಿನ ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ ಎಂದರ್ಥ. ಈಗ ಹೆಚ್ಚಾಗಿ ಬಳಸುವುದು ಬೋಲ್ಟ್. ಛಾವಣಿಗೆ ರಂಧ್ರ ಕೊರೆದು, ಸಿಮೆಂಟ್ ಅಥವಾ ರಾಳದ ಗುಳಿಗೆ ಹಾಕಿ, ಉಕ್ಕಿನ ಸರಳು ತೂರಿಸುತ್ತಾರೆ. ಬಿಡಿ ಹಾಳೆಗಳನ್ನು ಹೊಲಿದಂತೆ ಪದರಗಳು ಒಂದಾಗುತ್ತವೆ.

ಒಂದು ಲೆಕ್ಕ ಮಾಡೋಣ. ಬೋಲ್ಟ್‌ಗಳ ನಡುವೆ ಎರಡೂ ಕಡೆ 1.2 ಮೀಟರ್ ಅಂತರ, ಸಡಿಲವಾದ ಪದರ 1 ಮೀಟರ್ ದಪ್ಪ, ಬಂಡೆಯ ಸಾಂದ್ರತೆ ಘನ ಮೀಟರಿಗೆ 2.4 ಟನ್ ಎಂದುಕೊಳ್ಳಿ. ಒಂದು ಬೋಲ್ಟ್ ಹೊರುವ ಭಾರ 1.2 × 1.2 × 1 × 2.4, ಅಂದರೆ ಸುಮಾರು 3.5 ಟನ್. ಒಂದು ಕಾರಿನ ತೂಕಕ್ಕಿಂತ ಹೆಚ್ಚು!

ಅದು ಹೊರುತ್ತದೆಯೇ ಎಂದು ತಿಳಿಯಲು ಬೋಲ್ಟಿನ ಹೊರತುದಿಗೆ ನಡುವೆ ರಂಧ್ರವಿರುವ ಹೈಡ್ರಾಲಿಕ್ ಜಾಕ್ ಸಿಕ್ಕಿಸಿ, ಕೈಪಂಪಿನಿಂದ ಎಣ್ಣೆ ತುಂಬಿ ಎಳೆಯುತ್ತಾರೆ. ಜಾಕಿನ ವಿಸ್ತೀರ್ಣ 20 ಚದರ ಸೆಂಟಿಮೀಟರ್, ಮಾಪಕದಲ್ಲಿ 30 ಮೆಗಾಪಾಸ್ಕಲ್ ಇದ್ದರೆ ಬಲ 60,000 ನ್ಯೂಟನ್, ಸುಮಾರು 6 ಟನ್. ಜೊತೆಗೆ ಬೋಲ್ಟ್ ಎಷ್ಟು ಮಿಲಿಮೀಟರ್ ಸರಿಯಿತೆಂದೂ ಬರೆದುಕೊಳ್ಳುತ್ತಾರೆ. ಬಲ ಏರದೆ ಸರಿತ ಮಾತ್ರ ಏರತೊಡಗಿದರೆ ಹಿಡಿತ ಬಿಟ್ಟಿತೆಂದೇ ತಿಳಿಯಬೇಕು.

ನನ್ನ ಮಟ್ಟಿಗೆ ಮುಖ್ಯವಾದ ಮಾತು ಈಗ ಬರುತ್ತದೆ. ರಂಧ್ರದ ಉದ್ದಕ್ಕೂ ಸಿಮೆಂಟ್ ತುಂಬಿದ ಬೋಲ್ಟನ್ನು ಎಳೆದಾಗ ಬಾಯಿಯ ಹತ್ತಿರದ ಸ್ವಲ್ಪ ಭಾಗವೇ ಬಹುಪಾಲು ಬಲವನ್ನು ತಡೆದುಬಿಡುತ್ತದೆ. ಮೇಲಿನ ತುದಿಯಲ್ಲಿ ಸಿಮೆಂಟ್ ಟೊಳ್ಳಾಗಿದ್ದರೂ ಬೋಲ್ಟ್ ಪಾಸಾಗಬಹುದು. ಆದರೆ ಪದರವನ್ನು ನಿಜವಾಗಿ ಹಿಡಿಯಬೇಕಾದುದು ಆ ಮೇಲಿನ ತುದಿಯೇ. ಅದಕ್ಕೇ ಪ್ರಯೋಗಕ್ಕೆಂದು ಕೆಲವು ಬೋಲ್ಟ್‌ಗಳನ್ನು ಮೇಲ್ತುದಿಯಲ್ಲಿ ಮಾತ್ರ, ಸುಮಾರು ಒಂದಡಿಯಷ್ಟು, ಅಂಟಿಸಿ ಎಳೆಯುತ್ತಾರೆ. ಬಂಡೆಗೂ ಅಂಟಿಗೂ ಇರುವ ನಿಜವಾದ ಹಿಡಿತ ಆಗ ತಿಳಿಯುತ್ತದೆ.

ಇಂಥ ಅಧ್ಯಯನ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬಂಡೆ ಸಿಡಿತಕ್ಕೆ ಹೆಸರಾಗಿದ್ದ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಆರಂಭವಾಯಿತು. 2001ರಲ್ಲಿ ಆ ಗಣಿ ಮುಚ್ಚಿದರೂ ಸಂಸ್ಥೆ ಉಳಿಯಿತು. ಗಣಿ, ಸುರಂಗ, ಅಣೆಕಟ್ಟು ಎಲ್ಲ ಕಡೆಯ ಬಂಡೆಯನ್ನೂ ಅದು ಪರೀಕ್ಷಿಸುತ್ತದೆ. ವಿಜ್ಞಾನ ವಿಭಾಗದವರು ಬೇಕಿದ್ದರೆ ಮೇಲಿನ ಲೆಕ್ಕವನ್ನು 1.5 ಮೀಟರ್ ಅಂತರಕ್ಕೆ ಮಾಡಿ ನೋಡಿ. ಅದೇ ಬೋಲ್ಟಿನ ಭಾರ 5.4 ಟನ್ನಿಗೆ ಏರುತ್ತದೆ.