ನಿರ್ವಾತದಲ್ಲಿ ವಿದ್ಯುತ್ ಚಾಪ

ಭದ್ರಾವತಿಯವರಿಗೆ ಬೆಂಕಿಯ ಪರಿಚಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1923ರಲ್ಲಿ ಅಲ್ಲಿ ಸೌದೆಯ ಇದ್ದಿಲಿನಿಂದ ಉರಿಯುವ ಕುಲುಮೆಯಲ್ಲಿ ಕಬ್ಬಿಣ ಕರಗಿತು. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳೂ ಬಂದವು. ನಮ್ಮ ತಂದೆಯವರು ಆ ಊರಿನಲ್ಲಿ ವೆಲ್ಡಿಂಗ್ ಕೆಲಸ ಮಾಡುವವರು. ಕಳೆದ ಬೇಸಿಗೆಯಲ್ಲಿ ಒಂದು ದಿನ ಅವರು ಕೇಳಿದರು: “ಸಬ್‌ಸ್ಟೇಷನ್‌ನಲ್ಲಿ ವ್ಯಾಕ್ಯೂಮ್ ಬ್ರೇಕರ್ ಅಂತಾರಲ್ಲೋ, ಗಾಳಿಯೇ ಇಲ್ಲದ ಕಡೆ ಆರ್ಕ್ ಹ್ಯಾಗೆ ಹೊಡೀತದೆ?”

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. “ನಾನು ಓದೋದು ಬಿ.ಎ. ಅಪ್ಪಾ, ಅದು ನಮ್ಮ ವಿಷಯ ಅಲ್ಲ” ಎಂದುಬಿಟ್ಟೆ. ಅವರು ಸುಮ್ಮನಾದರು. ಆ ಮೌನವೇ ನನ್ನನ್ನು ಗ್ರಂಥಭಂಡಾರಕ್ಕೆ ಅಟ್ಟಿತು. ಅಲ್ಲಿ ತಿಳಿದುದನ್ನು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ವೆಲ್ಡಿಂಗಿನ ಚಾಪದಲ್ಲಿ ಸುತ್ತಲಿನ ಅನಿಲ ಹಾಗೂ ಲೋಹದ ಆವಿ ಎರಡೂ ಕಾದು, ಅವುಗಳ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಡುತ್ತವೆ. ಈ ಸ್ಥಿತಿಗೆ ಪ್ಲಾಸ್ಮಾ ಎಂದು ಹೆಸರು. ವಿದ್ಯುತ್ತು ಹರಿಯುವುದು ಇದರ ಮೂಲಕ. ನಿರ್ವಾತದಲ್ಲಿ ಅನಿಲವಿಲ್ಲ, ಆದಕಾರಣ ಲೋಹವೇ ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಕೂಡಿಕೊಂಡ ಎರಡು ಲೋಹದ ತುದಿಗಳು ಬೇರ್ಪಡುವಾಗ ಕಟ್ಟಕಡೆಗೆ ತಾಗಿದ್ದ ಬಿಂದು ಕರಗಿ ಆವಿಯಾಗುತ್ತದೆ. ಅನಂತರ ಋಣಾಗ್ರದ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಬಿಸಿ ಚುಕ್ಕೆಗಳು ಹುಟ್ಟಿ ಅಳಿಯುತ್ತಿರುತ್ತವೆ. ಒಂದೊಂದು ಚುಕ್ಕೆಯಿಂದಲೂ ಲೋಹದ ಪ್ಲಾಸ್ಮಾ ಬುಗ್ಗೆಯಂತೆ ಚಿಮ್ಮುತ್ತದೆ. 1930ರಲ್ಲಿ ಟ್ಯಾನ್‌ಬರ್ಗ್ ಎಂಬವರು ಈ ಬುಗ್ಗೆ ಋಣಾಗ್ರವನ್ನು ಹಿಂದಕ್ಕೆ ನೂಕುವ ಬಲವನ್ನು ಅಳೆದು ಅದರ ವೇಗವನ್ನು ಲೆಕ್ಕಹಾಕಿದರು. ಆ ವೇಗ ಸೆಕೆಂಡಿಗೆ ಹತ್ತು ಕಿಲೋಮೀಟರಿಗೂ ಹೆಚ್ಚು! ನಾನು ದಿನವೂ ಬಸ್ಸಿನಲ್ಲಿ ಬರುವ ಭದ್ರಾವತಿ–ಶಿವಮೊಗ್ಗದ ದಾರಿಯನ್ನು ಅದು ಎರಡು ಸೆಕೆಂಡಿನಲ್ಲಿ ಮುಗಿಸೀತು.

ಇನ್ನು ಈ ಬುಗ್ಗೆಯ ದಾರಿಗೆ ಅನಿಲ ಅಡ್ಡ ಬಂದರೆ ಏನಾಗುತ್ತದೆ? ನಾವು ಉಸಿರಾಡುವ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ತಾಗದೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ದೂರವೂ ಹೋಗಲಾರದು. ಒತ್ತಡವನ್ನು ಲಕ್ಷದಲ್ಲೊಂದು ಪಾಲಿಗೆ ಇಳಿಸಿದರೆ ಸುಮಾರು ಏಳು ಮಿಲಿಮೀಟರು ಹೋದೀತು. ಕೋಟಿಯಲ್ಲೊಂದು ಪಾಲಿಗೆ ಇಳಿಸಿದರೆ ಎಪ್ಪತ್ತು ಸೆಂಟಿಮೀಟರು. ಅನಿಲ ಹೆಚ್ಚಿದಷ್ಟೂ ಲೋಹದ ಕಣಗಳು ಅದಕ್ಕೆ ಡಿಕ್ಕಿ ಹೊಡೆದು, ವೇಗ ಕಳೆದುಕೊಂಡು, ದಿಕ್ಕು ತಪ್ಪುತ್ತವೆ. ಅನಿಲದ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡು ತಮ್ಮ ವಿದ್ಯುದಂಶವನ್ನೂ ತಗ್ಗಿಸಿಕೊಳ್ಳುತ್ತವೆ.

ಬ್ರೇಕರಿಗೆ ಇದು ಹಗೆ. ನಮ್ಮ ವಿದ್ಯುತ್ ಪ್ರವಾಹ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ. ಆ ಕ್ಷಣದಲ್ಲಿ ಚುಕ್ಕೆಗಳು ಆರಿ, ಲೋಹದ ಆವಿ ಸುತ್ತಲಿನ ತಣ್ಣಗಿನ ಗೋಡೆಗೆ ಅಂಟಿಕೊಂಡು, ನಡುವಿನ ಜಾಗ ಬರಿದಾಗುತ್ತದೆ. ಚಾಪ ಮತ್ತೆ ಹೊತ್ತಿಕೊಳ್ಳದು. ಒಳಕ್ಕೆ ಗಾಳಿ ಸೋರಿತೋ, ಅದು ಆವಿಯಂತೆ ಗೋಡೆಗೆ ಅಂಟದೆ ಅಲ್ಲೇ ಉಳಿಯುತ್ತದೆ; ಚಾಪ ಆರದೆ ಹೋಗಬಹುದು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿಯೂ ತಯಾರಾಗಿರುವ ಇಂತಹ ನಿರ್ವಾತ ಕೊಳವೆಗಳನ್ನು ಬಿಗಿಯಾಗಿ ಮುಚ್ಚಿ ಮೊಹರು ಮಾಡುವುದು ಇದಕ್ಕಾಗಿಯೇ.

ಹಗೆಯೇ ನೆಂಟನಾಗುವುದೂ ಉಂಟು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಂಗಾರದ ಬಣ್ಣದ ಡ್ರಿಲ್ ಬಿಟ್‌ಗಳನ್ನು ನೋಡಿರಬಹುದು. ಅದು ಬಂಗಾರವಲ್ಲ, ಟೈಟಾನಿಯಂ ನೈಟ್ರೈಡ್. ಅದನ್ನು ಲೇಪಿಸುವ ವಿಧಾನಗಳಲ್ಲಿ ಒಂದು ಈ ಚಾಪವೇ. ಟೈಟಾನಿಯಂ ಬುಗ್ಗೆ ಹಾರುವ ಪೆಟ್ಟಿಗೆಯೊಳಕ್ಕೆ ಅಳೆದು ತುಸುವೇ ಸಾರಜನಕವನ್ನು ಬಿಡುತ್ತಾರೆ. ಎರಡೂ ಬಿಟ್ಟಿನ ಮೇಲೆ ಕೂಡಿಕೊಂಡು ಗಟ್ಟಿಯಾದ ಹೊದಿಕೆಯಾಗುತ್ತವೆ. ಸಾರಜನಕ ತೀರ ಕಡಮೆಯಾದರೆ ಹೊದಿಕೆಗೆ ಆ ಬಣ್ಣವಿಲ್ಲ, ಆ ಗಡಸೂ ಇಲ್ಲ. ಅತಿಯಾದರೆ ಕಣಗಳ ವೇಗ ಕುಂದಿ ಹೊದಿಕೆಯ ಬಿಗಿ ಕೆಡುತ್ತದೆ. ಬುಗ್ಗೆ ಒಂದೇ, ಅದು ಮಾಡುವ ಕೆಲಸವನ್ನು ನಿರ್ಧರಿಸುವುದು ಸುತ್ತಲಿರುವ ಅನಿಲದ ಪ್ರಮಾಣ.

ಇಷ್ಟನ್ನೂ ಒಂದು ರಾತ್ರಿ ತಂದೆಯವರಿಗೆ ಹೇಳಿದೆ. ಅವರು ತುಸು ಹೊತ್ತು ಯೋಚಿಸಿ, “ಗಾಳಿ ಬೀಸೋವಾಗ ವೆಲ್ಡ್ ಮಾಡಿದ್ರೆ ಜಾಯಿಂಟ್‌ನಲ್ಲಿ ತೂತು ಬೀಳ್ತದೆ. ಅದೂ ಇದರ ಜಾತೀದೇ ಏನೋ?” ಎಂದರು. ರಾಡಿನ ಮೇಲಿನ ಲೇಪ ಉರಿದು ಹುಟ್ಟುವ ಹೊಗೆ ಕರಗಿದ ಲೋಹವನ್ನು ಗಾಳಿಯಿಂದ ಕಾಯುತ್ತದೆ. ಬಿರುಗಾಳಿ ಆ ಮರೆಯನ್ನು ಚದರಿಸುತ್ತದೆ. ಬುಗ್ಗೆಯ ಕಥೆ ಬೇರೆಯಾದರೂ, ಬಿಸಿ ಲೋಹಕ್ಕೂ ಗಾಳಿಗೂ ಇರುವ ಸಂಬಂಧವನ್ನು ಅವರು ಮೂವತ್ತು ವರ್ಷದಿಂದ ಕೈಯಲ್ಲಿ ಬಲ್ಲರು. “ಹೌದಪ್ಪಾ, ಹತ್ತಿರದ ನೆಂಟಸ್ತನ” ಎಂದೆ.

ಯಾವ ವಿಷಯವನ್ನೂ “ನಮ್ಮದಲ್ಲ” ಎಂದು ತಳ್ಳಿಹಾಕಬಾರದೆಂಬುದು ನಾನು ಕಲಿತ ಪಾಠ.